ಒನಕೆ ಹಿಡಿದವಳ ಮುಖ

ದಾವಣಗೆರೆಯ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ನಾನು ಟೀಚರಾಗಿ ಸೇರಿದ್ದು ಅರವತ್ತರ ದಶಕದ ಆರಂಭದಲ್ಲಿ. ಶಾಲೆಯ ಹಾಲಿನ ಗೋಡೆಗಳ ತುಂಬ ರಾಜರು, ದಿವಾನರು, ದೇಶನಾಯಕರು. ಓದುವವರೆಲ್ಲ ಹುಡುಗಿಯರು, ಗೋಡೆಯ ಮೇಲೆ ಮಾತ್ರ ಒಬ್ಬ ಹೆಂಗಸೂ ಇರಲಿಲ್ಲ. ದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದ ಕಾವಲುಗಾರನ ಹೆಂಡತಿಯ ಚಿತ್ರವನ್ನು ಅಲ್ಲಿ ಹಾಕಿಸಲೇಬೇಕೆಂದು ನಿಶ್ಚಯಿಸಿದೆ.

ಹರಿಹರದಲ್ಲಿ ಅಂಗಡಿಗಳ ಬೋರ್ಡು ಬರೆಯುವ ಸಾಬರೊಬ್ಬರಿದ್ದರು. ಮನುಷ್ಯರ ಚಿತ್ರವನ್ನೂ ಚೆನ್ನಾಗಿ ಬರೆಯುತ್ತಾರೆಂದು ಕೇಳಿ, ಒಂದು ಭಾನುವಾರ ರೈಲು ಹತ್ತಿ ಹೋದೆ.

"ಫೋಟೊ ಕೊಡ್ರಿ ಟೀಚರಮ್ಮ, ನೋಡ್ಕೊಂಡು ಬರಿತೀನಿ" ಅಂದರು.

"ಆಕಿ ಕಾಲ್ದಾಗೆ ಫೋಟೊ ಎಲ್ಲಿತ್ರಿ ಸಾಬ್ರೆ?"

"ಮತ್ತೆ ಮಕ ಹೆಂಗೆ ಬರೀಲಿ? ರಾಣಿ ಮಕ ಬೇಕಾದ್ರೆ ಈಗ್ಲೇ ಬರ್ದು ಕೊಡ್ತೀನಿ."

"ರಾಣಿ ಬ್ಯಾಡ್ರಿ. ಒನಕೆ ಹಿಡಿದು ರೂಢಿ ಇರೋ ಹೆಂಗಸಿನ ಮಕ ಬೇಕು."

ಹಾಗೆಂದಾಗಲೇ ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಗೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕ ನೆನಪಾದಳು. ಅವಳ ಮನೆಯಲ್ಲಿ ಮೆಣಸಿನಕಾಯಿ ಕುಟ್ಟುವುದೂ ಅವಳೇ, ಭತ್ತ ಕುಟ್ಟುವುದೂ ಅವಳೇ. ನಾನು ಕೇಳಿದಾಗ ಅಕ್ಕ ನಾಚಿಕೊಂಡಳು. ಭಾವ ಮಾತ್ರ, "ಸಾಲಿಗೆ ಅಂದ್ರೆ ಯಾಕ ಬ್ಯಾಡ? ನಿಂತ್ಕ" ಅಂದರು. ಮುಂದಿನ ವಾರ ಸಾಬರು ಸೈಕಲ್ ಮೇಲೆ ಸಾರಥಿಗೆ ಬಂದು, ಹಿತ್ತಲ ಒರಳಿನ ಹತ್ತಿರ ಕೂತು ಪೆನ್ಸಿಲ್ ಹಿಡಿದರು. ಸೆರಗನ್ನು ಸೊಂಟಕ್ಕೆ ಬಿಗಿದು ಒನಕೆ ಎತ್ತಿದ ಮೇಲೆ ಅಕ್ಕನ ನಾಚಿಕೆ ಎಲ್ಲಿ ಹೋಯಿತೋ, ತೋಳು ಸೋತರೂ ಇಳಿಸಲಿಲ್ಲ.

ಚಿತ್ರ ಶಾಲೆಗೆ ಬಂದ ದಿನ ಆಡಳಿತ ಮಂಡಳಿಯ ಅಧ್ಯಕ್ಷರು ಬಹಳ ಹೊತ್ತು ನೋಡಿದರು. "ನಮ್ಮನಿ ಕೆಲಸದಾಕಿ ಇದ್ದಂಗ ಐತಲ್ರಿ. ರೇಷ್ಮೆ ಸೀರಿ, ಒಡವಿ ಹಾಕ್ಸಿ ಇನ್ನೊಂದು ಬರೆಸ್ರಿ."

"ಗಂಡ ಉಣ್ಣಾಕ ಕುಂತಾಗ ನೀರು ತರಾಕ ಹೋಗಿದ್ದಾಕಿ ಸರ್ ಆಕಿ. ರೇಷ್ಮೆ ಉಟ್ಕಂಡು ನೀರಿಗೆ ಯಾರು ಹೋಗ್ತಾರ್ರಿ?"

"ಹಾಲ್‌ನಾಗೆ ಇದು ಬ್ಯಾಡ."

"ಹಂಗಾರೆ ನನ್ನ ಕ್ಲಾಸಿನಾಗೆ ಹಾಕ್ತೀನ್ರಿ."

ಅವರು ಮುಖ ತಿರುಗಿಸಿಕೊಂಡು ಹೊರಟುಹೋದರು. ಮೊಳೆ ಹೊಡೆಯಲು ಶಾಲೆಯ ಜವಾನ ಹೆದರಿದ. ಸುತ್ತಿಗೆ ಇಸಿದುಕೊಂಡು ನಾನೇ ಮೇಜು ಹತ್ತಿದೆ. ಗೋಡೆಯ ಗಾರೆ ಉದುರಿ ಕಣ್ಣಿಗೆ ಬಿತ್ತು, ಒಂದು ಮೊಳೆ ಸೊಟ್ಟಾಯಿತು. ಇನ್ನೊಂದನ್ನು ಹೊಡೆದು ಚಿತ್ರ ತೂಗುಹಾಕಿಯೇ ಇಳಿದೆ.

ಹಾಲಿಗೆ ಅದು ಕೊನೆಗೂ ಹೋಗಲಿಲ್ಲ. ಎರಡು ಸಲ ಕೇಳಿದೆ, ಎರಡು ಸಲವೂ ಬೇಡವೆಂದರು. ಆದರೆ ನಾನು ಆ ಶಾಲೆಯಲ್ಲಿರುವವರೆಗೆ ನನ್ನ ಕ್ಲಾಸಿನಿಂದ ಅದನ್ನು ತೆಗೆಯಲು ಯಾರಿಗೂ ಬಿಡಲಿಲ್ಲ.

ದೀಪಾವಳಿಯ ಬಟ್ಟೆ ತರಲು ದಾವಣಗೆರೆಗೆ ಬಂದಿದ್ದ ಅಕ್ಕನನ್ನು ಒಮ್ಮೆ ಶಾಲೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಅವಳನ್ನು ಕಂಡ ಹುಡುಗಿಯರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಯಾರೂ ಹೇಳದೆಯೇ ಎಲ್ಲರೂ ಎದ್ದು ನಿಂತರು.

ಅಕ್ಕ ಚಿತ್ರದ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, "ನಾನು ಇಷ್ಟು ಸಿಟ್ಟಿನಾಕಿ ಏನೇ?"

"ಹೂಂ" ಅಂದೆ.

"ಚಲೋ ಆತು ಬಿಡು" ಅಂದಳು.