ಬೀಡಿ ಹೆಂಗಸರ ಬೆನ್ನ ಮರೆಯಲ್ಲಿ

"ಲಲಿತಾ, ಒದ್ದೆ ಆಯ್ತು. ನಾನು ಬಸ್ಸು ಹತ್ತುದಿಲ್ಲ" ಎಂದು ಅತ್ತೆ ಪಿಸುಗುಟ್ಟಿದಾಗ ನಾವು ಕಬಕದಲ್ಲಿ ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದೆವು. ಎಂಬತ್ತರ ದಶಕದ ಮಾತು. ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ಮೂತ್ರ ನಿಲ್ಲುತ್ತಿರಲಿಲ್ಲ. ಡೈಪರ್ ಎಂಬ ಹೆಸರನ್ನೇ ನಾವು ಕೇಳಿರಲಿಲ್ಲ; ಹಳೆಯ ಸೀರೆಯನ್ನು ಮಡಚಿ ಕಟ್ಟಿ ಡಾಕ್ಟರರಲ್ಲಿಗೆ ಕರೆದೊಯ್ಯುತ್ತಿದ್ದೆ. ಬದಲಿ ಬಟ್ಟೆ ಚೀಲದಲ್ಲಿತ್ತು, ಮರೆ ಮಾತ್ರ ಎಲ್ಲೂ ಇರಲಿಲ್ಲ.

ಮನೆಯಲ್ಲಿ ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಹೊರಟ ಆರೇಳು ಹೆಂಗಸರು ಪಕ್ಕದಲ್ಲೇ ನಿಂತಿದ್ದರು. ಅವರಲ್ಲಿ ಹಿರಿಯಾಕೆ ನನ್ನ ಕೈಯಲ್ಲಿದ್ದ ಬಟ್ಟೆಯನ್ನೂ ಅತ್ತೆಯ ಮುಖವನ್ನೂ ನೋಡಿದರು. ನಮ್ಮನ್ನು ಅಂಗಡಿಯ ಪಕ್ಕದ ಗೋಡೆಗೆ ಸರಿಸಿ, ಎಲ್ಲರನ್ನೂ ಕರೆದು, ನಮಗೆ ಬೆನ್ನು ಹಾಕಿ ಒತ್ತೊತ್ತಾಗಿ ನಿಲ್ಲಿಸಿದರು. ಆಮೇಲೆ ರಸ್ತೆಗೆಲ್ಲ ಕೇಳುವಂತೆ ಶುರುಮಾಡಿದರು:

"ಬ್ರಾಂಚಿನ ಆ ಚೆಕ್ಕರಿಗೆ ಕಣ್ಣು ಉಂಟಾ ಮಾರಾಯ್ತಿ? ಒಳ್ಳೆ ಬೀಡಿಯನ್ನೇ ಹೆಕ್ಕಿ ಬಿಸಾಡುದು!"

ಉಳಿದವರೂ ದನಿಗೂಡಿಸಿದರು. ಬಸ್ಸಿಗೆ ಕಾಯುತ್ತಿದ್ದ ಗಂಡಸರೆಲ್ಲ ಅವರ ಬಾಯಿ ನೋಡುತ್ತಾ ನಿಂತರು. ನಾನು ಅವಸರವಿಲ್ಲದೆ ಬಟ್ಟೆ ಬದಲಿಸಿದೆ. ಹೊಗೆಸೊಪ್ಪಿನ ಘಾಟು ಬೇರೆ ವಾಸನೆಯನ್ನೆಲ್ಲ ನುಂಗಿತ್ತು. ಆ ಹೆಂಗಸರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಬಸ್ಸು ಬಂದಾಗ ಹಿರಿಯಾಕೆಯೇ ಅತ್ತೆಯ ರಟ್ಟೆ ಹಿಡಿದು ಹತ್ತಿಸಿದರು.

ಇನ್ನು ಅತ್ತೆ ಮನೆಯ ಹೊಸ್ತಿಲು ದಾಟಲಾರರು ಎಂದೇ ಭಾವಿಸಿದ್ದೆ. ಮುಂದಿನ ತಿಂಗಳು ಡಾಕ್ಟರರ ಹೆಸರೆತ್ತಿದಾಗ ಅವರು ಕೇಳಿದ್ದು ಒಂದೇ ಮಾತು: "ಅವರು ಬೀಡಿ ಕೊಡ್ಲಿಕ್ಕೆ ಹೋಗುವ ದಿನವೇ ನಾವೂ ಹೋಗುವನಾ?"