ಸಣ್ಣಮ್ಮನವರ ಹಾಡೂ ಗಣಕದ ಸರದಿಯೂ

ಕೀಲಿ ಒತ್ತಿದ ಕ್ಷಣಕ್ಕೇ ಪರದೆಯ ಮೇಲೆ ಅಕ್ಷರ ಮೂಡಬೇಕು. ಬೆರಳಚ್ಚಿನವನಾದ ನಾನು ಲೋಕದಿಂದ ಬಯಸುವುದು ಇಷ್ಟನ್ನೇ. ಹೊಸ ಶತಮಾನ ಇನ್ನೂ ಎಳಸಾಗಿದ್ದ ಆ ದಿನಗಳಲ್ಲಿ ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಡಿಟಿಪಿ ಅಂಗಡಿ ತೆರೆದಿದ್ದೆ. ಕನ್ನಡ ಸೀನಿಯರ್ ಟೈಪಿಂಗ್ ಪಾಸಾದ ಗರ್ವ ನನ್ನ ಹತ್ತೂ ಬೆರಳುಗಳಲ್ಲಿ ಉಂಗುರದಂತೆ ಕೂತಿತ್ತು.

ಒಂದು ದಿನ ಮಧ್ಯಾಹ್ನ ಸರಗೂರಿನ ನಿವೃತ್ತ ಶಿಕ್ಷಕಿ ಜಯಮ್ಮನವರು ತಮ್ಮ ಅತ್ತೆ ಸಣ್ಣಮ್ಮನವರನ್ನು ಕರೆತಂದರು. ಅತ್ತೆಗೆ ನಾಟಿ ಗದ್ದೆಯ ಉದ್ದನೆಯ ಹಾಡೊಂದು ಬಾಯಿಪಾಠವಾಗಿ ಬರುತ್ತದೆ, ಯಾರೂ ಬರೆದಿಟ್ಟಿಲ್ಲ, ಈಚೆಗೆ ಮರೆವು ಬೇರೆ ಶುರುವಾಗಿದೆ ಎಂದರು. ಬರೆದುಕೊಳ್ಳಲು ಕೂತರೆ ಅವರ ಕೈ ಹಾಡಿನ ಓಟಕ್ಕೆ ಸೋಲುತ್ತಿತ್ತಂತೆ; ನಡುವೆ ತಡೆದರೆ ಅಜ್ಜಿಗೆ ಎಳೆ ತಪ್ಪಿ ಮತ್ತೆ ಮೊದಲಿನಿಂದಲೇ ಹಾಡಬೇಕಿತ್ತಂತೆ. ಅಷ್ಟೇ ತಾನೆ, ಅವರು ಹಾಡಲಿ, ನಾನು ನೇರವಾಗಿ ಟೈಪ್ ಮಾಡುತ್ತೇನೆ ಎಂದು ಎದೆಯುಬ್ಬಿಸಿ ಕುಳಿತೆ.

ಅಜ್ಜಿ ಕಣ್ಣು ಮುಚ್ಚಿ ಹಾಡತೊಡಗಿದರು. ನಾನು ಎರಡು ಸಾಲು ಹೊಡೆದರೂ ಪರದೆ ಖಾಲಿ. ಆಮೇಲೆ ಅಕ್ಷರಗಳು ಒಟ್ಟಿಗೇ ಉದುರಿದವು, ಅರ್ಧಕ್ಕರ್ಧ ಕಾಣೆ. ಮೂರು ಸಲ ನಿಲ್ಲಿಸಿದೆ, ಮೂರು ಸಲವೂ ಅವರು ಮೊದಲಿನಿಂದ ಹಿಡಿದರು. ಮೂರನೆಯ ಸಲ ಒಂದು ಸಾಲೇ ಮರೆತುಹೋಯಿತು. ಜಯಮ್ಮನವರ ಮುಖ ಬಾಡಿತು.

ಕಾರಣ ನನಗೆ ಗೊತ್ತಿತ್ತು. ಒಂದು ಶಾಲೆಯ ಸ್ಮರಣಸಂಚಿಕೆಯ ಚಿತ್ರಗಳನ್ನು ಬೆಳಗಿನಿಂದಲೂ ಅದೇ ಗಣಕ ಹಿನ್ನೆಲೆಯಲ್ಲಿ ಅಣಿಗೊಳಿಸುತ್ತಿತ್ತು. ನಿಲ್ಲಿಸಿದರೆ ಅಷ್ಟೂ ಕೆಲಸ ವ್ಯರ್ಥ. ಪ್ರೊಸೆಸರ್ ಇರುವುದೊಂದೇ, ಅದು ಎಲ್ಲ ಕೆಲಸಕ್ಕೂ ಸರದಿಯಂತೆ ಚಿಟಿಕೆ ಚಿಟಿಕೆ ಸಮಯ ಹಂಚುತ್ತದೆ. ಎದುರಿಗಿರುವ ಕೆಲಸಕ್ಕೆ ಹೆಚ್ಚು ಗಮನವೋ, ಹಿನ್ನೆಲೆಯ ಸೇವೆಗಳಿಗೋ ಎಂದು ಕೇಳುವ ಕಿಟಕಿಯೊಂದು ಗಣಕದ ಸೆಟ್ಟಿಂಗ್‌ಗಳಲ್ಲಿದೆ. ಗಣಕ ಕೊಂಡ ಹೊಸತರಲ್ಲಿ 'ಸೇವೆ' ಎಂಬ ಪದ ಕಂಡು ಪುಳಕಿತನಾಗಿ ಎರಡನೆಯದಕ್ಕೆ ಗುರುತು ಹಾಕಿದ್ದ ಮಹಾನುಭಾವ ನಾನೇ! ಅವಸರದಿಂದ ಅದನ್ನು ಬದಲಿಸಿದೆ. ನಡೆಯುತ್ತಿರುವ ಕೆಲಸಗಳ ಪಟ್ಟಿ ತೆರೆದು ಚಿತ್ರಗಳ ಆದ್ಯತೆಯನ್ನೂ ಕೆಳಕ್ಕಿಳಿಸಿದೆ.

ಇನ್ನೊಂದೇ ಸಲ ಹಾಡಿ ಎಂದು ಅಜ್ಜಿಯನ್ನು ಬೇಡಿಕೊಂಡೆ.

"ಇದೇ ಕೊನೆ ಕಣಪ್ಪ, ಉಸ್ರು ಸಾಲಕಿಲ್ಲ," ಎಂದು ಸಣ್ಣಮ್ಮನವರು ಮತ್ತೆ ಕಣ್ಣು ಮುಚ್ಚಿದರು.

ಓದುಗ ಮಿತ್ರರೇ, ಆ ಸಂಭ್ರಮವನ್ನು ಹೇಗೆ ವರ್ಣಿಸಲಿ? ಬೆರಳು ತಾಕುವುದೇ ತಡ ಅಕ್ಷರ ಪುಟಿಯುತ್ತಿತ್ತು. ಅದೇ ಹಳೆಯ ಯಂತ್ರ, ಅದೇ ಒಂದು ಪ್ರೊಸೆಸರ್. ಎದುರಿಗೆ ಕೂತವರ ಕಡೆ ಮುಖ ತಿರುಗಿಸಿತ್ತು, ಅಷ್ಟೇ. ಮರೆತ ಸಾಲೂ ತಾನಾಗಿ ಬಂತು. ನನಗೆ ಕುಣಿಯಬೇಕೆನ್ನಿಸಿದರೂ ಕೈ ಬಿಡುವಿರಲಿಲ್ಲ. ಹಾಡಿನ ತುದಿಯಲ್ಲಿ 'ಕೆಂಪಮ್ಮ' ಎಂಬ ಹೆಸರು ಬಂದು, ದನಿ ನಿಂತಿತು.

ಇಷ್ಟು ವರ್ಷದಲ್ಲಿ ಈ ಕೊನೆಯನ್ನು ತಾವು ಕೇಳಿಯೇ ಇರಲಿಲ್ಲವೆಂದ ಜಯಮ್ಮನವರು, ಯಾರು ಈ ಕೆಂಪಮ್ಮ ಎಂದು ಕೇಳಿದರು.

"ನಮ್ಮವ್ವ," ಎಂದರು ಅಜ್ಜಿ. "ಹಾಡು ಕಟ್ದೋಳು ಅವ್ಳೇ ಕಣವ್ವ."

ಆ ಹೆಸರು ಎಲ್ಲಿದೆ ತೋರಿಸು ಎಂದು ನನ್ನನ್ನು ಕೇಳಿದರು; ತೋರಿಸಿದೆ. ಓದಲು ಬಾರದ ಆ ಮುದುಕಿ ಪರದೆಯ ಗಾಜಿನ ಮೇಲೆ ಬೆರಳಿಟ್ಟು, ಹೆಸರಿನ ಉದ್ದಕ್ಕೂ ಮೆಲ್ಲಗೆ ಸವರಿದರು.

ಸಂಜೆ ಶಾಲೆಯವರು ಬಂದಾಗ ಅವರ ಚಿತ್ರಗಳು ಮುಗಿದಿರಲಿಲ್ಲ. ಬೆಂಚು ತೋರಿಸಿ, ಕಾಫಿ ತರಿಸಿ, ಕಾಯುವಷ್ಟು ಹೊತ್ತೂ ಕೆಂಪಮ್ಮನ ಹಾಡನ್ನು ಅವರಿಗೆ ಓದಿ ಹೇಳಿದೆ.