ಮೌನೇಶ್ ಅವರಿಗೆ ಫೋನ್ ಮಾಡಿ, ಆಮೇಲೆ ಎಂಟರ್ ಒತ್ತಿ

ಮೌನೇಶ ಸುರಪುರದ ಕಡೆಯವನು. ವಯಸ್ಸು ನಲವತ್ತು ದಾಟಿದೆ, ಮದುವೆಯ ಮಾತೆತ್ತುವುದನ್ನು ಮನೆಯವರೂ ಬಿಟ್ಟಿದ್ದಾರೆ. ಸುದ್ದಗುಂಟೆಪಾಳ್ಯದಲ್ಲಿ ಗಂಗಾಧರಯ್ಯನವರ ಮನೆಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಾನೆ. ಅವರ ಹೆಂಡತಿ ಸೊಣ್ಣಮ್ಮ ಗೇಟಿನ ಹತ್ತಿರ ಸಿಕ್ಕಾಗ "ನೀರು ಬಂತಾ?" ಎನ್ನುತ್ತಾರೆ, ಇವನು "ಬಂತು ಆಂಟಿ" ಎನ್ನುತ್ತಾನೆ. ಆ ಮನೆಯಲ್ಲಿ ಅವನ ದಿನದ ಮಾತು ಅಲ್ಲಿಗೆ ಮುಗಿಯಿತು. ಹಾಗೆಂದು ಅವನಿಗೆ ಮಾತೇ ಬಾರದು ಎಂದುಕೊಂಡರೆ ತಪ್ಪು. ಮೌನೇಶ ಮಹಾ ಮಾತುಗಾರ. ಆದರೆ ಅವನ ಮಾತೆಲ್ಲ ಹೊರಬರುತ್ತಿದ್ದುದು ಡೇಟಾಬೇಸ್ ಸರ್ವರ್ ಕೂರಿಸುವಾಗ ಮಾತ್ರ.

ಅವನಿಗೆ ಜೆ.ಪಿ. ನಗರದ ಒಂದು ಕಂಪನಿಯಲ್ಲಿ ಕೆಲಸ. ರಾಜ್ಯದ ತುಂಬ ರಕ್ತಪರೀಕ್ಷೆಯ ಲ್ಯಾಬುಗಳಿರುವ ಕಂಪನಿ. ಪ್ರತಿ ಊರಿನ ಲ್ಯಾಬಿಗೂ ರೋಗಿಗಳ ಮಾಹಿತಿ ಇಡಲು ಒಂದೊಂದು ಸರ್ವರ್. ಹೊಸ ಮೆಷಿನ್ ಬಂದರೆ ಅಲ್ಲಿಯವರು ಅದರ ಮುಂದೆ ಫೋನ್ ಹಿಡಿದು ಕೂರಬೇಕು, ಇಲ್ಲಿಂದ ಮೌನೇಶ ಒಂದೊಂದೇ ಹೆಜ್ಜೆ ಹೇಳಬೇಕು. ಇದನ್ನು ಒತ್ತಿ, ಈಗ ತಾಳಿ, ಪಾಸ್‌ವರ್ಡ್ ಹಾಕಿ, ಮತ್ತೆ ತಾಳಿ. ಕೆಲಸಕ್ಕಿಂತ ತಾಳುವುದೇ ಹೆಚ್ಚು. ತಾಳುವಾಗ ಮನುಷ್ಯರು ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ತುಮಕೂರಿನ ಕೈಲಾಸ್‌ನ ಅತ್ತೆಯ ಮಂಡಿನೋವು, ಕಲಬುರಗಿಯ ಶರಣಮ್ಮನ ಮಗಳಿಗೆ ಗಂಡು ನೋಡುವ ಗದ್ದಲ, ಎಲ್ಲವೂ ಅವನಿಗೆ ಗೊತ್ತು. "ನಿಮ್ಮ ಮಷೀನು ತಿರುಗಲಿಕತ್ತದ, ಅಷ್ಟರಾಗ ಹೇಳ್ರಿ ಸರ್, ಇವತ್ತ ಊಟಕ್ಕೇನು?" ಎಂದು ಶರಣಮ್ಮ ಕೇಳಿದರೆ ಸಾಕು, ತಾನು ಕಟ್ಟಿಕೊಂಡು ಬಂದ ಮೆಂತ್ಯದ ಪಲ್ಯವನ್ನು ಮದುವೆಯೂಟದ ಹಾಗೆ ಬಣ್ಣಿಸುತ್ತಿದ್ದ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಕಂಪನಿಯವರು ಇದನ್ನೆಲ್ಲ ಆಟೊಮೇಟ್ ಮಾಡಿ ಎಂದಾಗ. ಮಾಡಬೇಕಾದವನೂ ಇವನೇ. ಸರ್ವರ್ ಕೊನೆಗೆ ಹೇಗಿರಬೇಕು ಎಂದು ಒಂದು ಸಲ ಬರೆದಿಟ್ಟರೆ, ಅದಕ್ಕೆಂದೇ ಇರುವ ಟೂಲ್ ತಾನೇ ಹೋಗಿ ನೋಡಿ, ಇಲ್ಲದ್ದನ್ನು ಹಾಕಿ, ತಪ್ಪಿದ್ದನ್ನು ತಿದ್ದಿ, ಸರಿಯಿದ್ದದ್ದನ್ನು ಮುಟ್ಟದೆ ಬರುತ್ತದೆ. ಆ ಕೆಲಸ ಮೌನೇಶನಿಗೆ ಹಿಡಿಸಿತು, ಅದನ್ನೇಕೆ ಮುಚ್ಚಿಡಬೇಕು? ಚೊಕ್ಕವಾಗಿ ಬರೆದ. ಓಡಿಸಿ ನೋಡಿದರೆ ಅರ್ಧ ದಿನದ ಕೆಲಸ ಒಂದು ಚಹಾ ಕುಡಿಯುವುದರೊಳಗೆ ಮುಗಿಯಿತು. ಆಗ ಅವನಿಗೆ ಹೆದರಿಕೆಯಾಯಿತು. ಇನ್ನು ಯಾರು ಫೋನ್ ಮಾಡುತ್ತಾರೆ?

ನಡುವೆ ಯಾರಾದರೂ ಕಣ್ಣಾಡಿಸಿ ಹೂಂ ಎನ್ನಲಿ ಎಂದು ಕೆಲಸವನ್ನು ನಿಲ್ಲಿಸುವ ಸೌಲಭ್ಯ ಆ ಟೂಲಿನಲ್ಲಿದೆ. ಮೌನೇಶ ಯಾವ ಅಗತ್ಯವೂ ಇಲ್ಲದ ಜಾಗದಲ್ಲಿ ಅದನ್ನು ಸೇರಿಸಿದ. ಲ್ಯಾಬಿನವರ ಪರದೆಯ ಮೇಲೆ ಹೀಗೆ ಬರುತ್ತಿತ್ತು: "ಮೌನೇಶ್ ಅವರಿಗೆ ಫೋನ್ ಮಾಡಿ. ಆಮೇಲೆ ಎಂಟರ್ ಒತ್ತಿ."

ಮೊದಮೊದಲು ಎಲ್ಲರೂ ಮಾಡಿದರು. ಅವನು ಆಫೀಸಿನ ಮೆಟ್ಟಿಲ ಮೇಲೆ ಕೂತು, ಬ್ಯಾಕಪ್‌ಗೆ ಜಾಗ ಇದೆಯಾ ಎಂದು ಕಾಟಾಚಾರಕ್ಕೆ ಕೇಳಿ, ಸೀದಾ ಅತ್ತೆಯ ಮಂಡಿಗೆ ಬರುತ್ತಿದ್ದ. ಆದರೆ ಜನ ದಡ್ಡರಲ್ಲ. ಫೋನ್ ಮಾಡದೆ ಎಂಟರ್ ಒತ್ತಿದರೂ ಮೆಷಿನ್ ಮುಂದೆ ಹೋಗುತ್ತದೆಂದು ಕೈಲಾಸ್ ಕಂಡುಹಿಡಿದ, ಉಳಿದವರ ಕಿವಿಗೂ ಹಾಕಿದ. ಫೋನುಗಳು ಒಂದೊಂದಾಗಿ ನಿಂತವು. ಯಾವುದಾದರೂ ಊರಿನಲ್ಲಿ ಸರ್ವರ್ ಕೂರಿಸುವ ದಿನ ಮೌನೇಶ, ಪಾಪ, ಊಟದ ಡಬ್ಬಿ ತೊಳೆಯಲು ಹೋಗುವಾಗಲೂ ಫೋನ್ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಿದ್ದ. ಕೊನೆಗೆ ತಪ್ಪದೆ ಮಾಡುತ್ತಿದ್ದವಳು ಶರಣಮ್ಮ ಒಬ್ಬಳೇ. ಆ ಕಡೆ ಹೊಸ ಲ್ಯಾಬುಗಳು ಏಳುತ್ತಲೇ ಇದ್ದವು, ಎಲ್ಲದರ ಜವಾಬ್ದಾರಿಯೂ ಆಕೆಯದೇ.

ತಂಡಕ್ಕೆ ಹೊಸದಾಗಿ ಸೇರಿದ ಪ್ರಿಯಾಂಕಾ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು.

"ಸಾರ್, ಮಧ್ಯದಲ್ಲಿ ಈ ಸ್ಟೆಪ್ ಯಾಕಿದೆ? ಯಾರಾದ್ರೂ ಎಂಟರ್ ಒತ್ತೋ ತನಕ ಸುಮ್ನೆ ನಿಂತಿರತ್ತೆ. ಕಾರಣ ಗೊತ್ತಾಗ್ಲಿಲ್ಲ."

ಒಂದು ಸುಳ್ಳು ಸಾಕಿತ್ತು, ಅವಳು ನಂಬುತ್ತಿದ್ದಳು. ಆದರೆ ತನ್ನ ಕೆಲಸ ಬಲ್ಲವರ ಎದುರು ಕೆಲಸದ ಬಗ್ಗೆ ಸುಳ್ಳು ಹೇಳಲು ಮೌನೇಶನಿಗೆ ನಾಲಿಗೆ ಏಳಲಿಲ್ಲ.

"ಅದು ಬೇಕಿಲ್ಲ. ತೆಗೀರಿ," ಎಂದ.

"ಥ್ಯಾಂಕ್ಸ್ ಸಾರ್. ಈಗ ಸಖತ್ ಕ್ಲೀನ್ ಆಯ್ತು."

ಮುಂದಿನ ವಾರ ಕಲಬುರಗಿಯ ಸರದಿ. ಮೌನೇಶನ ಪರದೆಯ ಮೇಲೂ ಸಾಲುಗಳು ಒಂದರ ಹಿಂದೊಂದು ಹಸಿರಾದವು, ಎಲ್ಲೂ ನಿಲ್ಲಲಿಲ್ಲ. ಕೆಲಸ ಮುಗಿಯಿತು. ಫೋನ್ ಬರಲಿಲ್ಲ. ಮೌನೇಶ ಸ್ವಲ್ಪ ಹೊತ್ತು ಕಾದ. ಆಮೇಲೆ ಮೆಟ್ಟಿಲಿಗೆ ಹೋಗಿ ಕೂತು, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ತಾನೇ ಆಕೆಗೆ ಫೋನ್ ಮಾಡಿದ.

"ಸರ್?" ಶರಣಮ್ಮನ ದನಿಯಲ್ಲಿ ಗಾಬರಿ. "ಏನರ ತಪ್ಪಾಗ್ಯಾದೇನ್ರಿ?"

"ಇಲ್ಲ ಇಲ್ಲ. ಎಲ್ಲಾ ಬರೋಬ್ಬರಿ ಅದ."

"ಈ ಸಲ ನಿಮಗ ಫೋನ್ ಮಾಡ್ರಿ ಅಂತ ಬರ್ಲೇ ಇಲ್ರಿ. ಅದಕ್ಕ ಮಾಡ್ಲಿಲ್ಲ."

"ಹೌದು, ಅದನ್ನ ತೆಗದೀವಿ."

"ಛಲೋ ಆತು ಬಿಡ್ರಿ. ನಿಮಗೂ ತ್ರಾಸ ತಪ್ಪಿತು."

ಮಗಳ ವಿಷಯ ಕೇಳಬೇಕೆಂದು ಅವನಿಗೆ ಬಹಳ ಆಸೆಯಿತ್ತು. ಕಳೆದ ಸಲ ಗಂಡಿನ ಕಡೆಯವರು ಬಂದು ಹೋದರು ಎನ್ನುವಲ್ಲಿಗೆ ಮಾತು ನಿಂತಿತ್ತು. ಆದರೆ ಮೆಷಿನ್ ತಿರುಗದೆ ಇರುವಾಗ ಅದನ್ನು ಹೇಗೆ ಕೇಳುವುದೆಂದು ಅವನಿಗೆ ತಿಳಿಯಲಿಲ್ಲ. ಆ ಕಡೆ ಯಾರೋ ರಿಪೋರ್ಟ್ ಕೇಳುತ್ತಿದ್ದರು. ಶರಣಮ್ಮ ಅವರಿಗೆ ತಾಳ್ರಿ ಎಂದು ಹೇಳಿ ಇವನಿಗಾಗಿ ಕಾದಳು.

"ಸರ್, ನಾ ಮತ್ತೇನರ ಒತ್ತಬೇಕೇನ್ರಿ?"

"ಇಲ್ರಿ ಶರಣಮ್ಮ," ಎಂದ ಮೌನೇಶ. "ಏನೂ ಒತ್ತೂದು ಬ್ಯಾಡ."